ಏರಿಯ ಎರಡು ತುದಿ ಒಂದೇ ಸಲ ಅಲ್ಲಾಡುವುದಿಲ್ಲ: ಉದ್ದದ ಮಣ್ಣಿನ ಅಣೆಕಟ್ಟಿಗೆ ಭೂಕಂಪದ ಲೆಕ್ಕ ಹಾಕುವುದು ಹೇಗೆ

ಕಳೆದ ದೀಪಾವಳಿಗೆ ಅವ್ವ ವಿಜಯಪುರ ಜಿಲ್ಲೆಯ ಇಂಡಿಯಿಂದ ಪುಣೆಗೆ ಬಂದಾಗ ಎರಡು ಕೌದಿ ತಂದಿದ್ದಳು. ಧಾಯರಿಯ ನಮ್ಮ ಟೆರೇಸಿನ ಮೇಲೆ ಅವನ್ನು ಝಾಡಿಸಲು ನಾಲ್ಕು ಜನ ನಿಂತೆವು. ನಾನು, ನನ್ನ ಮಗಳು, ಪಕ್ಕದ ಮನೆಯ ಮರಾಠಿ ಕಾಕು, ಮತ್ತೆ ಊಟಕ್ಕೆ ಬಂದಿದ್ದ ನಮ್ಮ ಆಫೀಸಿನ ಗದಗಿನ ಹುಡುಗ. ನಾಲ್ವರದೂ ನಾಲ್ಕು ತಾಳ. ಅವ್ವ ಕೆಳಗೆ ಕೂತಲ್ಲಿಂದಲೇ ಬೈದಳು: "ಎಲ್ಲಾರೂ ಕೂಡೇ ಝಾಡಸ್ರಿ. ಒಬ್ಬೊಬ್ರು ಒಂದೊಂದ್ ಸಲ ಜಗ್ಗಿದ್ರ ಅಂಚಿನ ಹೊಲಿಗಿ ಕಿತ್ತು ಬರ್ತಾವ."

ಹುಡುಗ ಎರಡು ವಾರದಿಂದ ಒಂದು ಮಣ್ಣಿನ ಡ್ಯಾಮಿನ ಭೂಕಂಪ ಲೆಕ್ಕದಲ್ಲಿ ಮುಳುಗಿದ್ದ. ಕೌದಿ ಕೈಯಲ್ಲೇ ಇತ್ತು, ಕೇಳಿದ: "ಅಕ್ಕಾ, ಉದ್ದನ್ನ ಡ್ಯಾಮಿಗೂ ಹಿಂಗ ಆಗ್ತದೇನು?"

ಹೀಗೇ ಆಗುತ್ತದೆ. ಎಲ್ಲರೂ ಕೂಡಿ ಎತ್ತಿದರೆ ಕೌದಿಯ ನಡುವಿನ ಹೊಟ್ಟೆ ಮೇಲೇಳುತ್ತದೆ, ಅಂಚಿಗೆ ಏನೂ ಆಗುವುದಿಲ್ಲ. ತಾಳ ತಪ್ಪಿದರೆ ಹೊಟ್ಟೆ ಅಷ್ಟು ಏಳುವುದಿಲ್ಲ, ಆದರೆ ಅಂಚಿನ ಹೊಲಿಗೆ ಜಗ್ಗುತ್ತದೆ. ನಮ್ಮ ಆಫೀಸುಗಳಲ್ಲಿ ಮಾಡುವ ಹೆಚ್ಚಿನ ಲೆಕ್ಕ ಏರಿಯ ಬುಡವೆಲ್ಲ ಒಂದೇ ಕ್ಷಣದಲ್ಲಿ, ಒಂದೇ ರೀತಿ ಅಲ್ಲಾಡಿತು ಎಂದುಕೊಂಡೇ ಶುರುವಾಗುತ್ತದೆ. ಅಂದರೆ ಹೊಟ್ಟೆಯನ್ನು ನೋಡುತ್ತೇವೆ, ಹೊಲಿಗೆಯನ್ನು ನೋಡುವುದೇ ಇಲ್ಲ. ಮುಂದಿನ ಭಾನುವಾರ ಹುಡುಗನನ್ನು ಕೂರಿಸಿಕೊಂಡು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಫೈನೈಟ್ ಎಲಿಮೆಂಟ್, ಅಂದರೆ ಏರಿಯನ್ನು ಸಣ್ಣ ಸಣ್ಣ ತುಂಡು (ಎಲಿಮೆಂಟ್) ಮಾಡಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ವಿಧಾನ, ಸ್ವಲ್ಪ ಗೊತ್ತಿರುವವರಿಗೆ ಪೂರ್ತಿ ಉಪಯೋಗಕ್ಕೆ ಬರುತ್ತದೆ. ಗೊತ್ತಿಲ್ಲದವರೂ ಅರ್ಧ ದಾರಿ ಆರಾಮಾಗಿ ಬರಬಹುದು.

ಮೊದಲು ಈ ಲೆಕ್ಕ ಬೇಕೇ, ನೋಡಿ

ಇದು ದುಬಾರಿ ಕೆಲಸ. ಸುಮ್ನೆ ಎಲ್ಲ ಏರಿಗೂ ಮಾಡಬೇಡಿ. ಎಲ್ಲಕ್ಕಿಂತ ಮೊದಲು ಬುಡದ ಮಣ್ಣು ನೋಡಿ. ಕೆಳಗೆ ನೀರು ತುಂಬಿದ ಸಡಿಲ ಮರಳಿದ್ದು, ಅಲ್ಲಾಡಿದಾಗ ಅದು ಗಂಜಿಯಾಗುವ ಹಾಗಿದ್ದರೆ, ಅಂದರೆ ಲಿಕ್ವಿಫ್ಯಾಕ್ಷನ್ ಆಗುವ ಹಾಗಿದ್ದರೆ, ಉಳಿದ ಸೂಕ್ಷ್ಮವೆಲ್ಲ ಆಮೇಲೆ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಚಾಂಗ್, ತಾಪರ್, ಶಿವಲಖಾ, ಫತೇಗಢ, ಸೂವಿ ಮುಂತಾದ ಕಚ್ಛದ ಮಣ್ಣಿನ ಅಣೆಕಟ್ಟುಗಳು ಕೆಟ್ಟಿದ್ದು ಮುಖ್ಯವಾಗಿ ಇದರಿಂದಲೇ. ಬರಗಾಲವಾದ್ದರಿಂದ ಕೆರೆಗಳಲ್ಲಿ ನೀರು ಕಡಿಮೆ ಇತ್ತು, ಇಲ್ಲದಿದ್ದರೆ ಕಥೆ ಬೇರೆಯಾಗುತ್ತಿತ್ತು. 1971ರ ಫೆಬ್ರವರಿ 9ರಂದು ಕ್ಯಾಲಿಫೋರ್ನಿಯಾದ ಲೋವರ್ ಸ್ಯಾನ್ ಫರ್ನಾಂಡೋ ಅಣೆಕಟ್ಟಿನ ನೀರಿನ ಕಡೆಯ ಇಳಿಜಾರು ಜಾರಿ ಬಿದ್ದು ಸುಮಾರು 80,000 ಜನರನ್ನು ಮನೆ ಬಿಡಿಸಬೇಕಾಯಿತು. ಅಲ್ಲೂ ಕಾರಣ ಇದೇ ಗಂಜಿ. ಈ ಪರೀಕ್ಷೆಯಲ್ಲಿ ಫೇಲಾದ ಏರಿಗೆ ಅಲೆ ಎಡದಿಂದ ಬಂತೋ ಬಲದಿಂದ ಬಂತೋ ಅಂತ ಕೂತು ಲೆಕ್ಕ ಹಾಕುವುದು ಮನೆಗೆ ಬೆಂಕಿ ಬಿದ್ದಾಗ ಕಿಟಕಿಗೆ ಬಣ್ಣ ಆರಿಸಿದ ಹಾಗೆ.

ಬುಡ ಗಟ್ಟಿ ಇದೆ ಅಂತಾದ ಮೇಲೆ ಮೂರು ಪ್ರಶ್ನೆ ಕೇಳಿ. ಏರಿ ಎಷ್ಟು ಉದ್ದ? ಉದ್ದಕ್ಕೂ ಬುಡದ ಕಲ್ಲು, ಮಣ್ಣು ಬದಲಾಗುತ್ತದೆಯೇ? ನಡುವೆ ಕಲ್ಲಿನ ಅಥವಾ ಕಾಂಕ್ರೀಟಿನ ಕಟ್ಟೆ ಸೇರಿಕೊಂಡಿದೆಯೇ? ನಮ್ಮ ಕಡೆಯ ನಾರಾಯಣಪುರದ ಬಸವಸಾಗರ 10 ಕಿ.ಮೀ. ಮೀರಿದ ಉದ್ದದ್ದು. ಪೈಠಣದ ಜಾಯಕವಾಡಿಯೂ ಹೆಚ್ಚು ಕಡಿಮೆ ಅಷ್ಟೇ. ಮಹಾರಾಷ್ಟ್ರದ ಎಷ್ಟೋ ಅಣೆಕಟ್ಟುಗಳಲ್ಲಿ ನಡುವೆ ಕಲ್ಲುಕಟ್ಟೆಯ ಕೋಡಿ, ಎರಡೂ ಕಡೆ ಮಣ್ಣಿನ ಏರಿ. ಇಂಥವಕ್ಕೆ ಒಂದೇ ಅಲುಗಾಟ ಅನ್ನುವುದು ಮೇಲ್ನೋಟಕ್ಕೇ ಸರಿಹೋಗುವುದಿಲ್ಲ, ಅಲ್ವಾ? ಗುಡ್ಡಗಳ ನಡುವಿನ ಇಕ್ಕಟ್ಟಾದ ಕಣಿವೆಯಲ್ಲಿ ಎತ್ತರದ ಏರಿ ಇದ್ದರೂ ಹಾಗೇ. ಕಣಿವೆಯ ತಳಕ್ಕೂ ಗುಡ್ಡದ ತಲೆಗೂ ಅಲುಗಾಟ ಒಂದೇ ಇರುವುದಿಲ್ಲ. ಲಾಸ್ ಏಂಜಲಿಸ್ ಹತ್ತಿರದ ಪಕೋಯ್ಮಾ ಕಾಂಕ್ರೀಟ್ ಅಣೆಕಟ್ಟು, ಏರಿಯಲ್ಲ, ಆದರೆ ಕಣಿವೆಯ ಪಾಠ ಅಲ್ಲಿಂದಲೇ ಚೆನ್ನಾಗಿ ಸಿಗುತ್ತದೆ. 1994ರ ನಾರ್ತ್‌ರಿಜ್ ಭೂಕಂಪದಲ್ಲಿ ಅದರ ಕೆಳದಿಕ್ಕಿನ ಕಣಿವೆ ತಳದಲ್ಲಿ 0.5 ಜಿಗಿಂತ ಕಡಿಮೆ ದಾಖಲಾಯಿತು (ಜಿ ಅಂದರೆ ಭೂಮಿಯ ಗುರುತ್ವದ ವೇಗೋತ್ಕರ್ಷ). ಎಡ ದಂಡೆಯ ಮೇಲ್ಭಾಗದಲ್ಲಿ 1.5 ಜಿ ದಾಟಿತ್ತು.

20 ಮೀಟರ್ ಎತ್ತರ, 200 ಮೀಟರ್ ಉದ್ದ, ಕೆಳಗೆಲ್ಲ ಒಂದೇ ಬಸಾಲ್ಟ್ ಬಂಡೆ ಇದ್ದರೆ ಈ ಲೆಕ್ಕ ಬಿಡಿ, ಊಟಕ್ಕೆ ಹೋಗಿ.

ಕೊಯ್ನಾದ ಒಂದು ಅಂಕಿ

ಪುಣೆಯಲ್ಲಿ ಅಣೆಕಟ್ಟಿನ ಕೆಲಸ ಮಾಡುವವರು ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನ ಹೆಸರು ತೆಗೆಯದೆ ಮಾತು ಮುಗಿಸುವುದಿಲ್ಲ. 1967ರ ಡಿಸೆಂಬರ್ 11ರ ಬೆಳಗಿನ ಜಾವದ ಆ ಭೂಕಂಪದಲ್ಲಿ 103 ಮೀಟರ್ ಎತ್ತರದ ಕಲ್ಲು ಕಾಂಕ್ರೀಟಿನ ಕಟ್ಟೆ ಬಿರುಕು ಬಿಟ್ಟಿತು. ಎಲ್ಲರೂ ಹೇಳುವುದು ಬಿರುಕಿನ ಕಥೆ. ನನಗೆ ಮುಖ್ಯವಾಗಿ ಕಾಣುವುದು ಕಟ್ಟೆಯೊಳಗಿನ ಗ್ಯಾಲರಿಯಲ್ಲಿ (ಓಡಾಡುವ ಸುರಂಗದಲ್ಲಿ) ಇದ್ದ ಉಪಕರಣ ಬರೆದಿಟ್ಟ ಅಂಕಿ: ನದಿ ಹರಿಯುವ ದಿಕ್ಕಿಗೆ 0.49 ಜಿ, ಕಟ್ಟೆಯ ಉದ್ದದ ದಿಕ್ಕಿಗೆ 0.63 ಜಿ. ಉದ್ದದ ದಿಕ್ಕಿನದೇ ಜಾಸ್ತಿ! ನಾವು ಏರಿಯನ್ನು ಅಡ್ಡ ಕೊಯ್ದು, ಒಂದು ಹೋಳು ತೆಗೆದುಕೊಂಡು ಎರಡು ಆಯಾಮದಲ್ಲಿ ಲೆಕ್ಕ ಮಾಡುತ್ತೇವಲ್ಲ, ಆ ಲೆಕ್ಕದಲ್ಲಿ ಉದ್ದದ ದಿಕ್ಕು ಅನ್ನುವುದೇ ಇಲ್ಲ. ಅಷ್ಟು ದೊಡ್ಡ ಅಂಕಿ ಕಾಗದದಿಂದ ಹೊರಗೇ ಉಳಿಯುತ್ತದೆ.

ತಾಳ ಯಾಕೆ ತಪ್ಪುತ್ತದೆ

ನಾಲ್ಕು ಕಾರಣ. ಅಲೆ ಒಂದು ತುದಿಗೆ ಮೊದಲು, ಇನ್ನೊಂದಕ್ಕೆ ಆಮೇಲೆ ಮುಟ್ಟುತ್ತದೆ. ದಾರಿಯಲ್ಲಿ ಬಂಡೆ, ಬಿರುಕುಗಳಿಗೆ ಬಡಿದು ಚದುರಿ ಆಕಾರ ಕೆಡಿಸಿಕೊಳ್ಳುತ್ತದೆ. ಪ್ರತಿ ಜಾಗದ ಮಣ್ಣು ಅದನ್ನು ತನ್ನ ರೀತಿ ಹಿಗ್ಗಿಸುತ್ತದೆ. ದೂರ ಹೋದಂತೆ ಸೊರಗುತ್ತದೆ. ಕೊನೆಯದನ್ನು ಒಂದೆರಡು ಕಿಲೋಮೀಟರಿನ ಏರಿಗೆ ಮರೆತುಬಿಡಬಹುದು. ಕಂಪ ಹುಟ್ಟುವ ಭೂಮಿಯ ಬಿರುಕು (ಫಾಲ್ಟ್) ಏರಿಯ ಪಕ್ಕದಲ್ಲೇ ಇದ್ದರೆ ಮಾತ್ರ ನೆನಪಿಡಿ. ಮೂರನೆಯದು, ಅಂದರೆ ಜಾಗದ ಮಣ್ಣು, ಎಷ್ಟೋ ಸಲ ಉಳಿದೆಲ್ಲಕ್ಕಿಂತ ದೊಡ್ಡದು. ಎಡಕ್ಕೆ ಬಂಡೆ, ನಡುವೆ ಹಳೆಯ ನದಿಪಾತ್ರದ 15 ಮೀಟರ್ ಮೆಕ್ಕಲು ಮಣ್ಣು ಇದ್ದರೆ ಅಲ್ಲಿನ ವ್ಯತ್ಯಾಸದ ಮುಂದೆ ಉಳಿದವು ಸಪ್ಪೆ. ಬೋರ್‌ಹೋಲ್ ಎರಡು ಕಡಿಮೆ ಹಾಕಿ ಉಳಿಸಿದ ದುಡ್ಡು ಇಲ್ಲಿ ಹೊರಗೆ ಬೀಳುತ್ತದೆ.

ಈಗ ಲೆಕ್ಕಕ್ಕೆ ಒಂದು ಏರಿ ಇಟ್ಟುಕೊಳ್ಳೋಣ. ಎತ್ತರ 60 ಮೀಟರ್, ಉದ್ದ 1 ಕಿ.ಮೀ. ಒಳಗೆ ನೀರು ತಡೆಯುವ ಎರೆ ಮಣ್ಣಿನ ಕೋರ್ (ನಡುಗೋಡೆ), ಹೊರಗೆ ಗರಸು. ಏರಿಯ ಮಣ್ಣಿನಲ್ಲಿ ಶಿಯರ್ ಅಲೆಯ (ಮಣ್ಣನ್ನು ಅಡ್ಡಡ್ಡ ಅಲ್ಲಾಡಿಸುವ ಅಲೆಯ) ವೇಗ ಸರಾಸರಿ ಸೆಕೆಂಡಿಗೆ 300 ಮೀಟರ್.

ಮೊದಲು ಇದರ ಸಹಜ ತೂಗಾಟದ ಅವಧಿ ತೆಗೆಯಿರಿ. ಎತ್ತರವನ್ನು 2.61ರಿಂದ ಗುಣಿಸಿ ವೇಗದಿಂದ ಭಾಗಿಸಿ. 0.52 ಸೆಕೆಂಡ್. ಭಾರತದ ಭೂಕಂಪ ನಿಯಮಾವಳಿ ಐಎಸ್ 1893:1984ರ ಸೂತ್ರದಲ್ಲಿ 2.61ರ ಜಾಗದಲ್ಲಿ 2.9 ಇದೆ, ಆಗ 0.58 ಸೆಕೆಂಡ್. ಎರಡೂ ಹತ್ತಿರವೇ. ಬಲವಾಗಿ ಅಲ್ಲಾಡುವಾಗ ಮಣ್ಣು ಮೆತ್ತಗಾಗಿ ಈ ಅವಧಿ ಇನ್ನೂ ಉದ್ದವಾಗುತ್ತದೆ. ಇಕ್ಕಟ್ಟಿನ ಕಣಿವೆಯಲ್ಲಿ ಗುಡ್ಡಗಳು ಎರಡೂ ಕಡೆ ಹಿಡಿದುಕೊಂಡು ಅವಧಿಯನ್ನು ಕುಗ್ಗಿಸುತ್ತವೆ.

ಅಲೆ ಏರಿಯ ಉದ್ದಕ್ಕೆ ಸೆಕೆಂಡಿಗೆ 2.5 ಕಿ.ಮೀ. ವೇಗದಲ್ಲಿ ಓಡಿತು ಅಂದುಕೊಳ್ಳಿ. ಒಂದು ತುದಿಯಿಂದ ಇನ್ನೊಂದಕ್ಕೆ 0.4 ಸೆಕೆಂಡ್. ಬಹಳ ಕಡಿಮೆ ಅನಿಸುತ್ತದೆ. ಆದರೆ ಏರಿಯ ತೂಗಾಟದ ಅವಧಿಯೇ 0.52 ಸೆಕೆಂಡ್. ಅರ್ಧ ತೂಗಿಗೆ 0.26 ಸೆಕೆಂಡ್ ಸಾಕು. ಅಂದರೆ 650 ಮೀಟರ್ ಅಂತರದ ಎರಡು ಜಾಗಗಳಲ್ಲಿ ಒಂದು ಮುಂದಕ್ಕೆ ಹೋಗುವಾಗ ಇನ್ನೊಂದು ಹಿಂದಕ್ಕೆ ಹೋಗುತ್ತಿರಬಹುದು. ಅಲೆ ಏರಿಗೆ ಅಡ್ಡಲಾಗಿ ಬಂದರೆ ಉದ್ದಕ್ಕೆ ತಡವೇ ಇಲ್ಲ. ಆಗ ಬುಡದ ಅಗಲ ಲೆಕ್ಕಕ್ಕೆ ಬರುತ್ತದೆ. ಇಳಿಜಾರು ಒಂದು ಕಡೆ 2.5ಕ್ಕೆ 1, ಇನ್ನೊಂದು ಕಡೆ 2ಕ್ಕೆ 1, ತಲೆಯ ಅಗಲ 8 ಮೀಟರ್ ಇದ್ದರೆ ಬುಡ 278 ಮೀಟರ್. ತಡ 0.11 ಸೆಕೆಂಡ್. ಓರೆಯಾಗಿ ಬಂದರೆ ಎರಡೂ ಸ್ವಲ್ಪ ಸ್ವಲ್ಪ. ಎರಡು ಮೂರು ದಿಕ್ಕು ಹಾಕಿ ನೋಡಲೇಬೇಕು.

ನಾನು ಬಿದ್ದ ಗುಂಡಿ

ಮೇಲೆ 2.5 ಕಿ.ಮೀ. ಅಂತ ಸಲೀಸಾಗಿ ಬರೆದೆ. ಈ ಒಂದು ಅಂಕಿಯಲ್ಲಿ ನಾನು ಹನ್ನೆರಡು ವರ್ಷದ ಹಿಂದೆ ಮಾನ ಕಳೆದುಕೊಂಡಿದ್ದೆ.

ಆಗ ನನಗೆ ಹೊಳೆದದ್ದು ಹೀಗೆ: ಅಲೆ ಮಣ್ಣಿನಲ್ಲಿ ಓಡುತ್ತದೆ, ಮಣ್ಣಿನ ವೇಗ 300 ಮೀಟರ್, ಹಾಗಾದರೆ ತಡವೂ ಅದರದೇ. 1 ಕಿ.ಮೀ.ಗೆ 3.3 ಸೆಕೆಂಡ್! ರನ್ ಮಾಡಿದೆ. ಏರಿಯ ತಲೆಯ ಮೇಲೆ ಎಲ್ಲಿ ನೋಡಿದರೂ ಬಿರುಕು. ಖುಷಿಯಾಗಿ ಬಣ್ಣ ಬಣ್ಣದ ಚಿತ್ರ ಹಾಕಿ ವರದಿ ಬರೆದೆ. ನಮ್ಮಲ್ಲಿ ಆಗ ನಿವೃತ್ತರಾದ ಒಬ್ಬ ಹಿರಿಯರು ವಾರಕ್ಕೆರಡು ದಿನ ಬರುತ್ತಿದ್ದರು. ಅವರು ವರದಿ ಮುಚ್ಚಿ ಕೇಳಿದರು, "ಅಲೆ ಪಕ್ಕದಿಂದ ನಡೆದುಕೊಂಡು ಬಂತೇನಮ್ಮಾ, ಕೆಳಗಿನಿಂದ ಎದ್ದು ಬಂತೋ?"

ಅಷ್ಟೇ. ಆಮೇಲೆ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುವಾಗ ಅವರ ಪ್ರಶ್ನೆ ಪೂರ್ತಿ ಅರ್ಥವಾಯಿತು. ಲಟ್ಟಣಿಗೆಯನ್ನು ಮಣೆಯ ಮೇಲೆ ಸ್ವಲ್ಪ ಓರೆಯಾಗಿ ಹಿಡಿದು ನಿಧಾನ ಇಳಿಸಿ. ಒಂದು ತುದಿ ಮೊದಲು ಮುಟ್ಟುತ್ತದೆ, ಆಮೇಲೆ ಮುಟ್ಟುವ ಜಾಗ ಇನ್ನೊಂದು ತುದಿಯವರೆಗೆ ಸರ್ರನೆ ಓಡುತ್ತದೆ. ಕೈ ಇಳಿಯುವುದು ನಿಧಾನ, ಮುಟ್ಟುವ ಬಿಂದು ಓಡುವುದು ಜೋರು. ಓರೆ ಕಡಿಮೆಯಾದಷ್ಟೂ ಓಟ ಜೋರು. ಭೂಕಂಪದ ಅಲೆ ಹಾಗೇ ಆಳದ ಗಟ್ಟಿ ಬಂಡೆಯಿಂದ ಎದ್ದು ಬರುತ್ತದೆ. ಮೇಲಿನ ಮೆತ್ತನೆ ಪದರಕ್ಕೆ ಬಂದಂತೆ ಇನ್ನೂ ನೆಟ್ಟಗಾಗುತ್ತದೆ. ಹಾಗಾಗಿ ನೆಲದ ಮೇಲೆ ಅದು ಓಡಿದಂತೆ ಕಾಣುವ ವೇಗವನ್ನು ಆಳದ ಬಂಡೆ ತೀರ್ಮಾನ ಮಾಡುತ್ತದೆ, ಏರಿಯ ಮಣ್ಣಲ್ಲ. ಸಾಮಾನ್ಯವಾಗಿ ಸೆಕೆಂಡಿಗೆ 2ರಿಂದ 3 ಕಿ.ಮೀ., ಕೆಲವೊಮ್ಮೆ ಇನ್ನೂ ಜಾಸ್ತಿ.

ಈ ತಪ್ಪಿನ ಬೆಲೆ ಎಷ್ಟು ಅಂತ ಒಂದೇ ಸಾಲಿನಲ್ಲಿ ನೋಡಬಹುದು. ನೆಲದ ಗರಿಷ್ಠ ವೇಗವನ್ನು ಅಲೆ ಓಡುವ ವೇಗದಿಂದ ಭಾಗಿಸಿದರೆ ಉದ್ದಕ್ಕೆ ಆಗುವ ಜಗ್ಗಾಟದ ಅಂದಾಜು ಸಿಗುತ್ತದೆ. ಎಂಜಿನಿಯರ್ ನ್ಯೂಮಾರ್ಕ್ ಕಾಲದಿಂದ ಬಳಕೆಯಲ್ಲಿರುವ ಸೂತ್ರ. ನೆಲ ಸೆಕೆಂಡಿಗೆ 0.3 ಮೀಟರ್ ವೇಗದಲ್ಲಿ ಅಲ್ಲಾಡಿದರೆ, 2,500ರಿಂದ ಭಾಗಿಸಿ, ಉದ್ದದ ಶೇಕಡಾ 0.012. ಅದೇ 300ರಿಂದ ಭಾಗಿಸಿದರೆ ಶೇಕಡಾ 0.1. ಗಟ್ಟಿ ಮಾಡಿದ ಜೇಡಿ ಶೇಕಡಾ 0.1ರ ಆಸುಪಾಸಿನಿಂದ ಬಿರುಕು ಬಿಡಲು ಶುರು ಮಾಡುತ್ತದೆ. ನನ್ನ ವರದಿಯ ಬಿರುಕುಗಳೆಲ್ಲ ಈ ಎಂಟು ಪಟ್ಟಿನಲ್ಲಿ ಹುಟ್ಟಿದವು. ಏರಿಯಲ್ಲಿ ಒಂದೂ ಇರಲಿಲ್ಲ.

ಈ ಭಾಗಾಕಾರವನ್ನು ಕಂಪ್ಯೂಟರ್ ಮುಟ್ಟುವ ಮುಂಚೆಯೇ ಮಾಡಿ. ಕೊನೆಗೆ ಮಾಡೆಲಿನಿಂದ ಬಂದ ಅಂಕಿ ಇದಕ್ಕಿಂತ ಎರಡು ಮೂರು ಪಟ್ಟು ಇದ್ದರೆ, ಅದೂ ಮಣ್ಣು ಬದಲಾಗುವ ಜಾಗದಲ್ಲಿದ್ದರೆ, ನಂಬಬಹುದು. ಮೂವತ್ತು ಪಟ್ಟು ಇದ್ದರೆ ತಪ್ಪು ಏರಿಯದಲ್ಲ, ನಿಮ್ಮದು.

ತಾಳ ಕೂಡುವ ಪ್ರಮಾಣ

ತಡ ಒಂದೇ ಅಲ್ಲ, ಅಲೆಯ ಆಕಾರವೂ ಬದಲಾಗುತ್ತದೆ ಅಂದೆ. ಇದನ್ನು ಅಳೆಯಲು ತೈವಾನಿನ ಲೋತುಂಗ್‌ನಲ್ಲಿ 1980ರಲ್ಲಿ ಸ್ಮಾರ್ಟ್-1 ಎಂಬ ಉಪಕರಣಗಳ ಜಾಲ ಹಾಕಿದರು. 200 ಮೀಟರ್, 1 ಕಿ.ಮೀ., 2 ಕಿ.ಮೀ. ತ್ರಿಜ್ಯದ ಮೂರು ಸುತ್ತು, ಸುತ್ತಿಗೆ 12, ನಡುವೆ ಒಂದು. ಒಟ್ಟು 37. ಗದ್ದೆಗಳ ನಡುವಿನ ಆ ಜಾಲದಿಂದ ಬಂದ ದಾಖಲೆಗಳ ಮೇಲೆ ಇವತ್ತಿಗೂ ನಮ್ಮ ಸೂತ್ರಗಳು ನಿಂತಿವೆ. ಎರಡು ಜಾಗದ ಅಲುಗಾಟ ಎಷ್ಟರ ಮಟ್ಟಿಗೆ ಹೋಲುತ್ತದೆ ಅನ್ನುವುದಕ್ಕೆ ಕೊಹಿರೆನ್ಸಿ ಅನ್ನುತ್ತಾರೆ. 1 ಅಂದರೆ ಪೂರ್ತಿ ಒಂದೇ ತಾಳ, 0 ಅಂದರೆ ಸಂಬಂಧವೇ ಇಲ್ಲ.

ಶುರು ಮಾಡುವವರಿಗೆ ಲೂಕೋ ಮತ್ತು ವಾಂಗ್ 1986ರಲ್ಲಿ ಕೊಟ್ಟ ಸೂತ್ರ ಸಾಕು. ದೂರ, ಕೋನೀಯ ಆವರ್ತನ, ಒಂದು ಸ್ಥಿರಾಂಕ ಮೂರನ್ನೂ ಗುಣಿಸಿ, ವರ್ಗ ಮಾಡಿ, ಮೈನಸ್ ಹಾಕಿ ಇ ಘಾತಕ್ಕೆ ಏರಿಸಿ. ಸ್ಥಿರಾಂಕ ಸಾಮಾನ್ಯವಾಗಿ ಮೀಟರಿಗೆ 0.0002ರಿಂದ 0.0003 ಸೆಕೆಂಡ್. ನಡುವಿನ 0.00025 ಹಾಕಿ ನೋಡಿ. 1 ಹರ್ಟ್ಜ್‌ನಲ್ಲಿ 200 ಮೀಟರ್ ದೂರಕ್ಕೆ 0.91. 500 ಮೀಟರಿಗೆ 0.54. 1 ಕಿ.ಮೀ.ಗೆ 0.08. ಅದೇ 200 ಮೀಟರಿಗೆ 5 ಹರ್ಟ್ಜ್‌ನಲ್ಲಿ ಲೆಕ್ಕ ಮಾಡಿದರೂ 0.08. ನಿಧಾನದ ಅಲುಗಾಟ ದೂರದವರೆಗೆ ತಾಳ ಹಿಡಿದಿರುತ್ತದೆ, ಚುರುಕಿನದು ಬೇಗ ಬಿಡುತ್ತದೆ. ಈ ನಾಲ್ಕು ಅಂಕಿಯನ್ನು ನೋಟ್‌ಬುಕ್ಕಿನ ಮೂಲೆಯಲ್ಲಿ ಬರೆದಿಟ್ಟುಕೊಂಡರೆ ಒಳ್ಳೆಯದು.

ಅದೇ ವರ್ಷದ ಇನ್ನೊಂದು ಸೂತ್ರ ಹರಿಚಂದ್ರನ್ ಮತ್ತು ವಾನ್‌ಮಾರ್ಕೆ ಅವರದು. ಸ್ಮಾರ್ಟ್-1 ದಾಖಲೆಗೆ ಚೆನ್ನಾಗಿ ಹೊಂದುತ್ತದೆ, ಬಹಳ ಜನ ಬಳಸುತ್ತಾರೆ. ಆದರೆ ಒಂದು ಮುಳ್ಳಿದೆ. ಅವರು ಕೊಟ್ಟ ಅಂಕಿಗಳನ್ನೇ ಹಾಕಿದರೆ, 1 ಕಿ.ಮೀ. ದೂರಕ್ಕೆ ಆವರ್ತನ ಸೊನ್ನೆಗೆ ಇಳಿದರೂ ಕೊಹಿರೆನ್ಸಿ 0.5ರ ಹತ್ತಿರವೇ ನಿಲ್ಲುತ್ತದೆ, 1ಕ್ಕೆ ಏರುವುದಿಲ್ಲ. ಅಂದರೆ ಅತಿ ನಿಧಾನದ ಚಲನೆಯಲ್ಲೂ ಎರಡು ತುದಿ ಬೇರೆ ಬೇರೆ ಕಡೆ ಹೋಗಬಹುದು ಅಂತಾಯಿತು. ವೇಗೋತ್ಕರ್ಷದ ಗ್ರಾಫಿನಲ್ಲಿ ಇದು ಕಾಣುವುದೇ ಇಲ್ಲ. ಸ್ಥಳಾಂತರಕ್ಕೆ ಬಂದಾಗ ದೊಡ್ಡದಾಗಿ ಕೂತುಕೊಳ್ಳುತ್ತದೆ. ಏರಿಗೆ ಬಿರುಕು ತರುವುದು ಸ್ಥಳಾಂತರದ ವ್ಯತ್ಯಾಸ. ಆದ್ದರಿಂದ ಎರಡೂ ಸೂತ್ರ ಹಾಕಿ ಪಕ್ಕಪಕ್ಕ ಇಟ್ಟು ನೋಡುವುದು ನನ್ನ ಪದ್ಧತಿ.

ನೀವೇ ದಾಖಲೆಯಿಂದ ಕೊಹಿರೆನ್ಸಿ ತೆಗೆಯುವುದಾದರೆ, ಆವರ್ತನದ ಅಕ್ಕಪಕ್ಕದ ಬಿಂದುಗಳನ್ನು ಕೂಡಿಸಿ ನಯ ಮಾಡಿಕೊಳ್ಳಬೇಕು. ಸಾಮಾನ್ಯವಾಗಿ 11 ಬಿಂದುವಿನ ಹ್ಯಾಮಿಂಗ್ ಕಿಟಕಿ, ಅಂದರೆ ನಡುವಿನ ಬಿಂದುವಿಗೆ ಹೆಚ್ಚು, ಅಂಚಿನದಕ್ಕೆ ಕಡಿಮೆ ತೂಕ ಕೊಡುವ ಸರಾಸರಿ. ನಯ ಮಾಡದಿದ್ದರೆ ಎಲ್ಲಾ ಕಡೆ 1 ಅಂತಲೇ ಬರುತ್ತದೆ. ಎರಡು ದಾಖಲೆ ಯಾವುದೇ ಇರಲಿ, ಒಂದು ಮುಂಬೈ ಲೋಕಲ್ ಟ್ರೈನಿನ ಅಲುಗಾಟ, ಇನ್ನೊಂದು ನಿಮ್ಮ ಮಿಕ್ಸರಿನದು ಆದರೂ 1 ಬರುತ್ತದೆ.

ಒಂದು ಮಿಲಿ ಕಡಿಮೆ ಅಂತ ಬಿಡಬೇಡಿ

ಈಗ ಒಂದು ದಾಖಲೆಯಿಂದ ಏರಿಯ ಬುಡದ ಹಲವು ಜಾಗಕ್ಕೆ ಹಲವು ಅಲುಗಾಟ ತಯಾರು ಮಾಡುತ್ತೀರಿ. ತಡ ಸೇರಿಸಿ, ಕೊಹಿರೆನ್ಸಿಗೆ ಹೊಂದುವ ಹಾಗೆ ಅಲೆಯ ಹಂತ (ಫೇಸ್) ಕೆಡಿಸಿ, ಆ ಜಾಗದ ಮಣ್ಣಿನಿಂದ ಹಿಗ್ಗಿಸಿ. ಇದಕ್ಕೆ ಪ್ರೋಗ್ರಾಂಗಳಿವೆ, ಮಾಡುತ್ತವೆ. ಆದರೆ ಆಮೇಲೆ ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಭೂಕಂಪ ನಿಯಮಾವಳಿಯ ಸ್ಪೆಕ್ಟ್ರಮ್ಮಿಗೆ (ಯಾವ ಆವರ್ತನಕ್ಕೆ ಎಷ್ಟು ಅಲುಗಾಟ ಅನ್ನುವ ಗೆರೆಗೆ) ತಿದ್ದಲು ಕೂತರೆ ಕಷ್ಟಪಟ್ಟು ಹಾಕಿದ ತಾಳವೆಲ್ಲ ಹೋಗುತ್ತದೆ. ತಿದ್ದಿದ ಮೇಲೆ ಮತ್ತೊಮ್ಮೆ ಕೊಹಿರೆನ್ಸಿ ತೆಗೆದು ನೋಡಿ.

ಅದಕ್ಕಿಂತ ದೊಡ್ಡ ಕಾಟ ಇಂಟಿಗ್ರೇಷನ್. ಬುಡಕ್ಕೆ ಬೇರೆ ಬೇರೆ ಅಲುಗಾಟ ಕೊಡಬೇಕಾದರೆ ಎಷ್ಟೋ ಪ್ರೋಗ್ರಾಂಗಳು ಸ್ಥಳಾಂತರ ಕೇಳುತ್ತವೆ. ಕೈಯಲ್ಲಿರುವುದು ವೇಗೋತ್ಕರ್ಷ. ಎರಡು ಸಲ ಇಂಟಿಗ್ರೇಟ್ ಮಾಡಬೇಕು. ದಾಖಲೆಯಲ್ಲಿ ಸೊನ್ನೆಯ ಗೆರೆ ಒಂದಿಷ್ಟು, ಸೆಕೆಂಡ್ ವರ್ಗಕ್ಕೆ 1 ಮಿಲಿಮೀಟರ್, ಮೇಲೆ ಕೂತಿದೆ ಅಂದುಕೊಳ್ಳಿ. ಜಿ ಲೆಕ್ಕದಲ್ಲಿ 0.0001. ಯಾರ ಕಣ್ಣಿಗೂ ಬೀಳದು. 40 ಸೆಕೆಂಡಿನ ದಾಖಲೆಯ ಕೊನೆಗೆ ಅದು 0.8 ಮೀಟರ್ ಆಗಿರುತ್ತದೆ! ಒಂದೇ ಅಲುಗಾಟ ಕೊಡುವ ಹಳೆಯ ಲೆಕ್ಕದಲ್ಲಿ ಇದರಿಂದ ತೊಂದರೆಯಿಲ್ಲ, ಇಡೀ ಡ್ಯಾಮು ಒಟ್ಟಿಗೆ 0.8 ಮೀಟರ್ ಸರಿದು ಸುಮ್ಮನಾಗುತ್ತದೆ. ಇಲ್ಲಿ ಪ್ರತಿ ಜಾಗದ ದಾಖಲೆಗೂ ಬೇರೆ ಬೇರೆ ಸರಿತ. ಪಕ್ಕದ ಎರಡು ಬಿಂದು ಅರ್ಧ ಮೀಟರ್ ದೂರ ಸರಿದರೆ ಏರಿ ಹರಿಯದೆ ಇನ್ನೇನು ಮಾಡೀತು?

ಗದಗಿನ ಹುಡುಗ ಎರಡು ವಾರ ಒದ್ದಾಡಿದ್ದು ಇದರಲ್ಲೇ. ಸ್ಕ್ರೀನ್ ಮೇಲೆ ಏರಿಯ ಬಲ ತುದಿ ಮೊಸರಿನ ಗಡ್ಡೆಯ ಹಾಗೆ ಒಡೆದು ನಿಂತಿತ್ತು. ಎಲ್ಲ ಸ್ಥಳಾಂತರಗಳನ್ನು ಒಂದೇ ಹಾಳೆಯಲ್ಲಿ, ಒಂದರ ಮೇಲೊಂದು ಹಾಕು ಅಂದೆ. ಹಾಕಿದ. ಹದಿನಾಲ್ಕು ಗೆರೆಯಲ್ಲಿ ಹದಿಮೂರು ಸೊನ್ನೆಯ ಸುತ್ತ ಕುಣಿದು ಸೊನ್ನೆಗೆ ಮರಳಿದ್ದವು. ಒಂದು ಮಾತ್ರ ಕೊನೆಯ ಹತ್ತು ಸೆಕೆಂಡಿನಲ್ಲಿ ಕತ್ತೆತ್ತಿಕೊಂಡು ಮೇಲಕ್ಕೆ ಹೊರಟಿತ್ತು. ಹುಡುಗ ತಲೆ ಕೆರೆದುಕೊಂಡು "ಇದೊಂದ ಗೆರಿ ನನ್ನ ಎರಡು ವಾರ ತಿಂತಲ್ಲಕ್ಕಾ" ಅಂದ.

ಆದ್ದರಿಂದ ಕ್ರಮ ಇದು. ಎಲ್ಲ ದಾಖಲೆಗೂ ಒಂದೇ ರೀತಿಯ ಬೇಸ್‌ಲೈನ್ ತಿದ್ದುಪಡಿ, ಒಂದೇ ಫಿಲ್ಟರ್, ಒಂದೇ ಅಂಚಿನ ಆವರ್ತನ. ಫಿಲ್ಟರ್ ಹಂತ ಕದಡದಂಥದ್ದಾಗಿರಲಿ. ಆಮೇಲೆ ಸ್ಥಳಾಂತರಗಳನ್ನು ಒಂದೇ ಹಾಳೆಯಲ್ಲಿ ಹಾಕಿ ಕಣ್ಣಾರೆ ನೋಡಿ. ಪಕ್ಕಪಕ್ಕದ ಬಿಂದುಗಳ ವ್ಯತ್ಯಾಸವನ್ನೂ ಬೇರೆ ಹಾಳೆಯಲ್ಲಿ ಹಾಕಿ. ಈ ಎರಡು ಹಾಳೆ ಇಲ್ಲದೆ ಯಾರಾದರೂ ವರದಿ ತಂದರೆ ನಾನು ಮುಂದಿನ ಪುಟ ತಿರುಗಿಸುವುದಿಲ್ಲ.

ಮಾಡೆಲ್ ಬಗ್ಗೆ ಚಿಕ್ಕದಾಗಿ

ಮೂರು ಆಯಾಮವೇ ಬೇಕು. ಎಲಿಮೆಂಟಿನ ಗಾತ್ರ ಅತಿ ಚಿಕ್ಕ ಅಲೆಯ ಉದ್ದದ ಎಂಟನೇ ಒಂದು ಭಾಗಕ್ಕಿಂತ ದೊಡ್ಡದಾಗಬಾರದು. 300 ಮೀಟರ್ ವೇಗ, 10 ಹರ್ಟ್ಜ್‌ವರೆಗೆ ಬೇಕು ಅಂದರೆ ಅಲೆ 30 ಮೀಟರ್, ಎಲಿಮೆಂಟ್ 3.75 ಮೀಟರ್. ಕೆಳಗಿನ ಬಂಡೆಯನ್ನು ಅಲುಗಾಡದ ಪೆಟ್ಟಿಗೆಯಂತೆ ಕಟ್ಟಬೇಡಿ. ಅಲೆ ಒಳಗೇ ಸಿಕ್ಕಿಬಿದ್ದು ಮರುದನಿಸುತ್ತದೆ. ಅಲೆಯನ್ನು ಹೀರುವ ಅಂಚು ಹಾಕಿ, ಕೆಳಗಿನಿಂದ ಏಳುವ ಅಲೆಯನ್ನು ಬಲದ ರೂಪದಲ್ಲಿ ಕೊಡಿ. ಹಾಗೆ ಕೊಡುವಾಗ ಒಂದು ನೆನಪಿರಲಿ. ತೆರೆದ ಬಂಡೆಯ ಮೇಲೆ ಅಳೆದ ಅಲುಗಾಟದಲ್ಲಿ ಏಳುವ ಅಲೆಯ ಪಾಲು ಅರ್ಧ ಮಾತ್ರ. ಇಲ್ಲಿ 2 ತಪ್ಪಿದರೆ ಭೂಕಂಪವೇ ಎರಡು ಪಟ್ಟಾಗುತ್ತದೆ.

ರನ್ ನಾಲ್ಕು ಬಗೆ ಮಾಡಿ. ಎಲ್ಲ ಕಡೆ ಒಂದೇ ಅಲುಗಾಟ. ತಡ ಮಾತ್ರ. ತಡದ ಜೊತೆ ಕೊಹಿರೆನ್ಸಿ. ಕೊನೆಗೆ ಜಾಗದ ಮಣ್ಣೂ ಸೇರಿ. ಕೊಹಿರೆನ್ಸಿ ಹಾಕಿದ ಅಲುಗಾಟದಲ್ಲಿ ಅದೃಷ್ಟದ ಪಾಲೂ ಇರುವುದರಿಂದ ಒಂದೇ ಸೆಟ್ ನಂಬಬೇಡಿ. ನಾನು ಏಳು ಮಾಡುತ್ತೇನೆ. ಏಳಕ್ಕೆ ಶಾಸ್ತ್ರವೇನಿಲ್ಲ, ಶನಿವಾರ ರಾತ್ರಿ ಹಚ್ಚಿದರೆ ಸೋಮವಾರ ಬೆಳಿಗ್ಗೆಗೆ ನಮ್ಮ ಮಷಿನ್ ಮುಗಿಸುವುದು ಅಷ್ಟನ್ನೇ.

ಉತ್ತರದಲ್ಲಿ ಎಲ್ಲಿ ನೋಡಬೇಕು

ಎಲ್ಲರೂ ಮೊದಲು ತೆರೆಯುವುದು ಏರಿಯ ತಲೆಯ ನಡುಭಾಗದ ವೇಗೋತ್ಕರ್ಷ. ಅದು ಎಷ್ಟೋ ಸಲ ಹಳೆಯ ಲೆಕ್ಕಕ್ಕಿಂತ ಕಡಿಮೆಯೇ ಬಂದಿರುತ್ತದೆ. ತುದಿಗಳು ತಾಳ ತಪ್ಪಿದಾಗ ಹೊಟ್ಟೆ ಅಷ್ಟು ಏಳುವುದಿಲ್ಲವಲ್ಲ. "ನೋಡಿ ಮೇಡಂ, ಡ್ಯಾಮು ಇನ್ನೂ ಸೇಫ್ ಆಯಿತು" ಅಂತ ಅಲ್ಲಿಗೇ ಫೈಲ್ ಮುಚ್ಚಿದ ಒಂದು ಕಚೇರಿಯನ್ನು ನೋಡಿದ್ದೇನೆ. ಅದೇ ಫೈಲಿನಲ್ಲಿ ಎಡ ತುದಿಯ ಕೋರ್‌ನ ಜಗ್ಗಾಟ ಹಳೆಯ ಲೆಕ್ಕದ ಮೂರು ಪಟ್ಟಿತ್ತು. ಯಾರೂ ಅಲ್ಲಿಗೆ ಮೌಸ್ ಒಯ್ದಿರಲಿಲ್ಲ.

ನೀವು ಅಲ್ಲಿಗೇ ಮೊದಲು ಹೋಗಿ. ಏರಿ ಗುಡ್ಡಕ್ಕೆ ಸೇರುವ ಎರಡೂ ತುದಿ, ಅದರಲ್ಲೂ ಮೇಲಿನ ಹತ್ತು ಹದಿನೈದು ಮೀಟರ್. ಬುಡದ ಬಂಡೆ ಮೆಟ್ಟಿಲಿನಂತೆ ಇಳಿಯುವ ಜಾಗ. ಮಣ್ಣು ಕಲ್ಲುಕಟ್ಟೆಗೆ ಅಂಟಿಕೊಳ್ಳುವ ಗೆರೆ. ಒಂದೇ ಅಲುಗಾಟ ಕೊಟ್ಟಾಗ ಏಳದ, ಎಡಕ್ಕೊಂದು ಬಲಕ್ಕೊಂದು ತಿರುಗುವ ಹಾವಿನ ನಡಿಗೆಯ ಆಕಾರಗಳು ಇಲ್ಲಿ ಎದ್ದು ಬರುತ್ತವೆ. ಅವುಗಳ ಭಾರ ಬೀಳುವುದು ಈ ಜಾಗಗಳ ಮೇಲೆಯೇ.

ಬಿರುಕಿನ ದಿಕ್ಕು ನೋಡಿ. ಏರಿಯ ಉದ್ದಕ್ಕೆ ಓಡುವ ಬಿರುಕು ಕಣ್ಣಿಗೆ ಭಯಂಕರ, ಫೋಟೋಗೆ ಚೆನ್ನ, ಹೆಚ್ಚಿನ ಸಲ ಅಪಾಯ ಕಡಿಮೆ. ಕೆರೆಯ ಕಡೆಯಿಂದ ಊರಿನ ಕಡೆಗೆ ಅಡ್ಡ ಓಡುವ ಕೂದಲೆಳೆಯ ಬಿರುಕು ಕಣ್ಣಿಗೆ ಏನೂ ಅಲ್ಲ, ಆದರೆ ನೀರಿಗೆ ಅದೇ ಬಾಗಿಲು. ಉದ್ದದ ದಿಕ್ಕಿನ ಜಗ್ಗಾಟ ತರುವುದು ಈ ಅಡ್ಡ ಬಿರುಕನ್ನು. ನಮ್ಮ ಎರಡು ಆಯಾಮದ ಹೋಳಿನಲ್ಲಿ ಅದು ಹುಟ್ಟುವುದೇ ಸಾಧ್ಯವಿಲ್ಲ.

ಏರಿಯೊಳಗೆ ತೂಬು ಹಾದುಹೋಗಿದ್ದರೆ ಅದರ ಸುತ್ತಲೂ ನೋಡಿ. ಪುಣೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1961ರ ಜುಲೈ 12ರಂದು ಪುಣೆಯ ಮೇಲ್ಗಡೆಯ ಮಣ್ಣಿನ ಅಣೆಕಟ್ಟು ಪಾನ್‌ಶೆತ್ ಒಡೆದದ್ದು ಭೂಕಂಪದಿಂದಲ್ಲ. ಕೆಲಸ ಪೂರ್ತಿ ಮುಗಿಯದ ತೂಬಿನ ಮೇಲಿನ ಮಣ್ಣು ಕುಸಿದು ಏರಿಯ ತಲೆ ತಗ್ಗಿತು, ನೀರು ಮೇಲೆ ಹತ್ತಿತು. ಪಕ್ಕದ ಮನೆಯ ಕಾಕು ಇವತ್ತಿಗೂ ತಮ್ಮ ಮದುವೆಯನ್ನು "ಪಾನ್‌ಶೆತ್ ಪೂರ್ (ನೆರೆ) ಆದ ಮರುವರ್ಷ" ಅಂತಲೇ ಹೇಳುತ್ತಾರೆ. ಗಟ್ಟಿ ತೂಬು, ಅದರ ಸುತ್ತ ಮೆತ್ತನೆ ಮಣ್ಣು, ಎರಡೂ ಒಂದೇ ರೀತಿ ಸರಿಯುವುದಿಲ್ಲ. ಭೂಕಂಪದಲ್ಲೂ ಅಷ್ಟೇ.

ಉತ್ತರ ಕೆಟ್ಟದಾಗಿ ಬಂದರೆ ಮಾಡುವ ಕೆಲಸಗಳು ಹಳೆಯವೇ. ತುದಿಗಳಲ್ಲಿ ಕೋರ್ ಅಗಲ ಮಾಡಿ. ಅಲ್ಲಿನ ಎರೆ ಮಣ್ಣನ್ನು ದಮ್ಮಸ್ಸಿಗೆ ಹದವಾದ ನೀರಿನ ಪ್ರಮಾಣ, ಅಂದರೆ ಆಪ್ಟಿಮಮ್‌ಗಿಂತ ಒಂದೆರಡು ಶೇಕಡಾ ಹಸಿಯಾಗಿಟ್ಟು ದಮ್ಮಸ್ಸು ಮಾಡಿಸಿ. ಒಣಗಿದ ಎರೆ ಹಪ್ಪಳದ ಹಾಗೆ ಮುರಿಯುತ್ತದೆ, ಹಸಿಯದು ಬಾಗುತ್ತದೆ. ಗುಡ್ಡದ ಮೆಟ್ಟಿಲು, ಚಾಚುಗಳನ್ನು ಕೆತ್ತಿ ಇಳಿಜಾರು ಮಾಡಿ. ಎಲ್ಲಕ್ಕಿಂತ ಮೇಲೆ, ಕೋರ್‌ನ ಹಿಂದಿನ ಮರಳಿನ ಫಿಲ್ಟರ್ ಅಗಲ ಮಾಡಿ, ಅದನ್ನು ಏರಿಯ ತಲೆಯವರೆಗೂ ಒಯ್ಯಿರಿ. ಬಿರುಕು ಬಿಟ್ಟರೂ ಮಣ್ಣು ತೊಳೆದುಹೋಗದಂತೆ ತಡೆಯುವುದು ಅದೊಂದೇ. ನಾನು ಮೊದಲು ದುಡ್ಡು ಹಾಕಿಸುವುದು ಅದಕ್ಕೇ. ಈ ಇಡೀ ಲೆಕ್ಕವನ್ನು ಮಾಡದಿದ್ದರೂ ಫಿಲ್ಟರ್ ಹಾಕಿಸಿ ಅನ್ನುವಷ್ಟು.

ಉಪಕರಣ ಹಾಕಿಸುವವರಿಗೆ

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಬಂದ ಮೇಲೆ 30 ಮೀಟರ್ ಮತ್ತು ಅದಕ್ಕಿಂತ ಎತ್ತರದವಕ್ಕೆ ಭೂಕಂಪ ಕೇಂದ್ರ ಬೇಕೇ ಬೇಕು. ಬಹಳ ಕಡೆ ಬುಡಕ್ಕೊಂದು, ತಲೆಗೊಂದು ಹಾಕಿ ಬಿಲ್ ಮಾಡುತ್ತಾರೆ. ಈ ಲೆಕ್ಕಕ್ಕೆ ಅದು ಸಾಲದು. ಎರಡೂ ದಂಡೆಗೆ ಒಂದೊಂದು, ಏರಿಯಿಂದ ದೂರ ತೆರೆದ ಬಂಡೆಯ ಮೇಲೆ ಒಂದು, ಉದ್ದದ ಏರಿಯಾದರೆ ಬುಡದಲ್ಲಿ ಇನ್ನೂ ಎರಡು. ಮತ್ತೆ, ಎಲ್ಲದರ ಗಡಿಯಾರ ಒಂದೇ ಇರಬೇಕು. ನಾವು ಹುಡುಕುತ್ತಿರುವುದು 0.4 ಸೆಕೆಂಡಿನ ತಡ.

ಒಂದು ಡ್ಯಾಮಿನಲ್ಲಿ ಸಣ್ಣ ಕಂಪವೊಂದು ಎರಡೂ ದಂಡೆಯ ಉಪಕರಣದಲ್ಲಿ ಚೊಕ್ಕವಾಗಿ ದಾಖಲಾಗಿದೆ ಅಂತ ಫೋನ್ ಬಂತು. ಇಂಥ ಜೋಡಿ ದಾಖಲೆ ನಮ್ಮ ಕಡೆ ಸಿಗುವುದು ಅಪರೂಪ. ಬೆಳಿಗ್ಗೆ ಆರಕ್ಕೇ ಬುತ್ತಿ ಕಟ್ಟಿಕೊಂಡು ಹೊರಟೆವು. ಎರಡು ದಾಖಲೆಗೂ ಏಳು ನಿಮಿಷದ ಅಂತರ. ಬಲ ದಂಡೆಯ ಗುಡಿಸಲಿನ ಮೇಲೆ ಹತ್ತಿ ನೋಡಿದರೆ ಜಿಪಿಎಸ್ ಆಂಟೆನಾದ ವೈರನ್ನು ಇಲಿ ಕಡಿದಿತ್ತು, ಗಡಿಯಾರ ತಿಂಗಳುಗಟ್ಟಲೆ ತನ್ನ ಪಾಡಿಗೆ ಓಡುತ್ತಿತ್ತು. ಆವತ್ತಿನಿಂದ ಯಾವ ಡ್ಯಾಮಿಗೆ ಹೋದರೂ ನಾನು ಮೊದಲು ಕೇಳುವುದು ಏಣಿ. ಎರಡನೆಯದು, ಕಬ್ಬಿಣದ ಪೈಪ್ ಹಾಕಿ ವೈರ್ ಎಳೆದಿದ್ದೀರಾ ಅಂತ.